ಸೂರ್ಯ ಮುನಿದರೆ

1859ರ ಸೆಪ್ಟೆಂಬರ್ 1ರ ಬೆಳಿಗ್ಗೆ ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದರು. ಒಂದು ಕಲೆಗುಂಪಿನ ಮೇಲೆ ಕಣ್ಣು ಕೋರೈಸುವ ಬೆಳಕು ಹೊಳೆದು, ಸುಮಾರು ಐದು ನಿಮಿಷದಲ್ಲಿ ಮಾಯವಾಯಿತು. ಹದಿನೇಳೂವರೆ ಗಂಟೆಗಳ ಅನಂತರ ಭೂಮಿಯ ಕಾಂತಕ್ಷೇತ್ರವೇ ತಲ್ಲಣಿಸಿತು. ಮುಂಬಯಿಯ ಕೊಲಾಬಾ ವೀಕ್ಷಣಾಲಯ ಆ ತಲ್ಲಣವನ್ನು ದಾಖಲಿಸಿತು. ಅಮೆರಿಕದ ಬಾಸ್ಟನ್, ಪೋರ್ಟ್‌ಲ್ಯಾಂಡ್ ತಂತಿ ಕಚೇರಿಗಳ ನೌಕರರು ಬ್ಯಾಟರಿ ಕಳಚಿಟ್ಟು, ತಂತಿಯಲ್ಲಿ ತಾನಾಗಿ ಹರಿದ ವಿದ್ಯುತ್ತಿನಿಂದಲೇ ಎರಡು ಗಂಟೆ ಕಾಲ ಸಂದೇಶ ಕಳಿಸಿದರು!

ಇದು ಹೇಗೆ ಸಾಧ್ಯ? ಸೂರ್ಯನಿಂದ ಸಿಡಿದ ವಿದ್ಯುದಾವಿಷ್ಟ ಕಣಗಳ ಮೋಡ ಬಡಿದಾಗ ಭೂಮಿಯ ಕಾಂತಕ್ಷೇತ್ರ ಅಲುಗಾಡುತ್ತದೆ. ಸೈಕಲ್ಲಿನ ಡೈನಮೋದಲ್ಲಿ ತಿರುಗುವ ಅಯಸ್ಕಾಂತ ದೀಪ ಹೊತ್ತಿಸುವಂತೆ, ಅಲುಗುವ ಕಾಂತಕ್ಷೇತ್ರ ಉದ್ದನೆಯ ತಂತಿಗಳಲ್ಲಿ ವಿದ್ಯುತ್ ಹರಿಸುತ್ತದೆ.

ಅಂದು ಜಗತ್ತಿನಲ್ಲಿದ್ದದ್ದು ಟೆಲಿಗ್ರಾಫ್ ತಂತಿಗಳಷ್ಟೇ. ವಿದ್ಯುತ್ ಜಾಲ ಬೆಳೆದಂತೆ ಅಪಾಯವೂ ಬೆಳೆಯಿತು. 1989ರ ಮಾರ್ಚ್ 13ರಂದು ಅದಕ್ಕಿಂತ ಚಿಕ್ಕ ಬಿರುಗಾಳಿಯೊಂದು ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲವನ್ನು ಒಂದೂವರೆ ನಿಮಿಷದಲ್ಲಿ ಕೆಡವಿತು. ಅರವತ್ತು ಲಕ್ಷ ಜನ ಕತ್ತಲಲ್ಲಿ ಉಳಿದರು. ವಿದ್ಯುತ್ ಮರಳಲು ಒಂಬತ್ತು ಗಂಟೆ ಹಿಡಿಯಿತು.

ಸೂರ್ಯನನ್ನು ತಡೆಯಲಾಗದು. ಮುನ್ಸೂಚನೆಯೊಂದೇ ದಾರಿ. ಇಸ್ರೋ 2023ರಲ್ಲಿ ಹಾರಿಸಿದ ಆದಿತ್ಯ-ಎಲ್1 ನೌಕೆಯ ಕೆಲಸವೂ ಸೂರ್ಯನ ಮೇಲೆ ಕಣ್ಣಿಡುವುದೇ. ಅದರ ಮುಖ್ಯ ದೂರದರ್ಶಕ ಸಿದ್ಧವಾದದ್ದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ. ಸೂರ್ಯಬಿಂಬಕ್ಕೆ ಕೃತಕ ಗ್ರಹಣ ಹಿಡಿಸಿ, ಅಂಚಿನಿಂದ ಸಿಡಿಯುವ ಮೋಡಗಳನ್ನು ಅದು ಕಾಣಿಸುತ್ತದೆ. ಸಿಡಿದ ಮೋಡ ಇಲ್ಲಿಗೆ ತಲುಪಲು ಹಲವು ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು. ವಿದ್ಯುತ್ ಜಾಲದ ಹೊರೆ ಇಳಿಸಿ ಕಾಯಲು ಮನುಷ್ಯನಿಗೆ ಸಿಗುವ ವ್ಯವಧಾನ ಅಷ್ಟೇ.