ಕೊನೆಯ ತನಕ ಕೈ ಹಿಡಿಯುವವರು

“ಆಪಾ, ನನ್ನ ಕೈಯಿಂದ ಈ ಕೆಲಸ ಆಗೂದಿಲ್ಲ. ನಾ ವಾಪಸ್ ಹೋಗಂಗಿಲ್ಲ.”

ವಿಜಯಪುರದಿಂದ ರೈಲಿನಲ್ಲಿ ಬಂದಿಳಿದ ಆ ಹುಡುಗಿ ತನ್ನ ಮನೆಗೂ ಹೋಗದೆ, ಬ್ಯಾಗ್ ಹಿಡಿದುಕೊಂಡೇ ನಮ್ಮ ಮನೆಗೆ ಬಂದು ಅಳತೊಡಗಿದಳು. ಚಿಕ್ಕವಳಿದ್ದಾಗ ನನ್ನ ಬಳಿ ಕುರ್‌ಆನ್ ಓದಲು ಕಲಿತವಳು. ಜಿಎನ್‌ಎಂ ಮುಗಿಸಿ ಆಸ್ಪತ್ರೆಯೊಂದರಲ್ಲಿ ದಾದಿಯಾಗಿ ಸೇರಿ ನಾಲ್ಕು ತಿಂಗಳಾಗಿತ್ತಷ್ಟೆ.

ಅವಳ ವಾರ್ಡಿನಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಹೊಟ್ಟೆಯ ಕ್ಯಾನ್ಸರ್. ಔಷಧಿಯಿಂದ ಗುಣವಾಗುವ ಹಂತ ಮೀರಿತ್ತು. ಆದರೆ ರೋಗದ ಹೆಸರನ್ನು ತಾಯಿಗೆ ಹೇಳಕೂಡದೆಂದು ಮಕ್ಕಳು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದರು. “ತಂಗೀ, ನಾ ಮನೀಗಿ ಯಾವಾಗ ಹೋಗ್ತೀನಿ?” ಎಂದು ಅಜ್ಜಿ ದಿನವೂ ಕೇಳುತ್ತಿದ್ದರು. ಇವಳು ಅವರ ತಲೆ ಬಾಚುತ್ತಾ “ಇನ್ನೆರಡು ದಿನ ಅಜ್ಜಿ” ಎನ್ನುತ್ತಿದ್ದಳು. ಒಂದು ರಾತ್ರಿ ಅಜ್ಜಿ ಇವಳ ಕೈ ಹಿಡಿದುಕೊಂಡೇ ತೀರಿಕೊಂಡರು.

“ಸುಳ್ಳು ಹೇಳಿ ಕಳಿಸಿದೆ ಆಪಾ” ಎಂದಳು. ಅವಳಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ. “ನೌಕರಿ ಬಿಡಿಸಿ ನಿಕಾಹ್ ಮಾಡಿಬಿಡುತ್ತೇವೆ” ಎಂದು ಅವಳ ಅಮ್ಮಿಯ ಹಟ. ನಾನೇನು ಹೇಳಲಿ? ತಾಳ್ಮೆಯ ಕುರಿತು ನಾಲ್ಕು ಮಾತು ಹೇಳುವುದು ಸುಲಭವಾಗಿತ್ತು. ಆದರೆ ಆ ಹೊತ್ತಿಗೆ ನನಗೆ ನೆನಪಾದದ್ದು ನನ್ನದೇ ಒಂದು ತಪ್ಪು.

ನಾನು ಆಡಿದ ಮಾತು

ಸಹೋದರಿಯರೇ, ನಮ್ಮ ಆಲಮಟ್ಟಿಗೆ ನೀವು ಅಣೆಕಟ್ಟು, ಕಾರಂಜಿ ನೋಡಲು ಬಂದಿರಬಹುದು. ಕೃಷ್ಣೆಯ ಹಿನ್ನೀರಿಗೆ ಮನೆ, ಹೊಲ, ಕಬರಸ್ತಾನ ಬಿಟ್ಟುಕೊಟ್ಟು ಬಂದ ಅನೇಕರು ಈ ಸೀಮೆಯ ಪುನರ್ವಸತಿ ಕೇಂದ್ರಗಳಲ್ಲಿ ಈಗ ಮುದುಕರಾಗಿದ್ದಾರೆ. ದೊಡ್ಡ ಕಾಯಿಲೆ ಬಂದರೆ ವಿಜಯಪುರ, ಸೊಲ್ಲಾಪುರ, ಮಿರಜ, ಹುಬ್ಬಳ್ಳಿ ಅಥವಾ ಬೆಂಗಳೂರಿನ ಕಿದ್ವಾಯಿಗೆ ಹೋಗುತ್ತಾರೆ. ಅಲ್ಲಿಂದ “ಇನ್ನು ಮನೆಗೆ ಕರೆದುಕೊಂಡು ಹೋಗಿ” ಎಂಬ ಮಾತು ಕೇಳಿ ಮರಳುತ್ತಾರೆ.

ನನ್ನ ಖಾಲಾ ಹಾಗೆ ಮರಳಿದವರು. ಕೊನೆಯ ಮೂರು ವಾರ ಹಿರಿಯ ದಾದಿಯೊಬ್ಬರು ದಿನವೂ ಬಂದು ಗಾಯ ತೊಳೆದು, ಬಟ್ಟೆ ಬದಲಿಸಿ ಹೋಗುತ್ತಿದ್ದರು. ಖಾಲಾ ಕಣ್ಣುಮುಚ್ಚಿದ ದಿನ ನಾವೆಲ್ಲ ಅಳುತ್ತಿದ್ದಾಗ ಆಕೆ ಮಾತ್ರ ಶಾಂತವಾಗಿ ನಳಿಕೆ ತೆಗೆದು, ಕೈಕಾಲು ನೇರ ಮಾಡುತ್ತಿದ್ದರು. ದುಃಖದಲ್ಲಿ ನಾನು, “ನಿಮಗೆ ದಿನಾ ಇದೇ ಕೆಲಸ, ಏನೂ ಅನಿಸುವುದಿಲ್ಲ ಬಿಡಿ” ಎಂದುಬಿಟ್ಟೆ. ಆಕೆ ಉತ್ತರಿಸದೆ ಕೈ ತೊಳೆದು ಹೊರಟುಹೋದರು.

ಹುಡುಗಿಯನ್ನು ಕರೆದುಕೊಂಡು ನಾನು ಅವರ ಮನೆಗೇ ಹೋದೆ. ಮೊದಲು ಕ್ಷಮೆ ಕೇಳಿದೆ. ಅವರು ನಕ್ಕು, “ಅಳು ಬರ್ಲಿಲ್ಲಂತ ಅಲ್ಲರೀ. ಅವತ್ತ ಇನ್ನೂ ಮೂರು ಮನಿಗಿ ಹೋಗೂದಿತ್ತು” ಎಂದರು. ಆ ಒಂದು ಮಾತಿನಲ್ಲಿ ದಾದಿಯರ ಬದುಕೇ ಇತ್ತು.

ಹಿರಿಯ ಸಿಸ್ಟರ್ ಹೇಳಿದ್ದು

ದಾದಿಯರ ಕಲಿಕೆಯೆಲ್ಲ ರೋಗಿಯನ್ನು ಗುಣಪಡಿಸುವ ಕಡೆಗೇ ಇರುತ್ತದೆ. ಗುಣವಾಗದ ರೋಗಿ ಎದುರಾದಾಗ ಹೊಸಬರಿಗೆ ತಾವೇ ಸೋತಂತೆ ಅನಿಸುತ್ತದೆ. ಆಗ ಮನಸ್ಸಿಗೆ ಹಾಕಿಕೊಳ್ಳುವ ಪ್ರಶ್ನೆಯನ್ನೇ ಬದಲಿಸಬೇಕು ಎಂದರು ಸಿಸ್ಟರ್. “ಉಳಿಸಿದೆನೇ?” ಎಂದು ಕೇಳಿಕೊಳ್ಳಬಾರದು. ಇವತ್ತು ನೋವು ಕಡಿಮೆಯಾಯಿತೇ, ಬಾಯಿ ಒಣಗದಂತೆ ನೋಡಿಕೊಂಡೆನೇ, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ ಹಾಸಿಗೆ ಹುಣ್ಣು ಆಗದಂತೆ ತಡೆದೆನೇ ಎಂದು ಕೇಳಿಕೊಳ್ಳಬೇಕು. ಇವಕ್ಕೆ ‘ಹೌದು’ ಎನ್ನಲಾದರೆ ಆ ದಿನದ ಕೆಲಸ ಸೋಲಲ್ಲ.

ಸುಳ್ಳಿನ ವಿಷಯಕ್ಕೆ ಬಂದಾಗ ಹುಡುಗಿ ತಲೆ ತಗ್ಗಿಸಿದಳು. ಸಿಸ್ಟರ್ ಅವಳ ಕೈ ಹಿಡಿದು ಹೇಳಿದರು: “ಸುಳ್ಳೂ ಹೇಳಬ್ಯಾಡ, ಇದ್ದದ್ದನ್ನ ಒಮ್ಮೆಲೆ ಎತ್ತಿ ಒಗಿಯಲೂಬ್ಯಾಡ. ‘ನಿಮಗ ಏನ ಅನಸ್ತದ ಅಜ್ಜಿ?’ ಅಂತ ತಿರುಗಿ ಕೇಳು. ಭಾಳ ಮಂದಿಗೆ ಒಳಗ ಗೊತ್ತಿರ್ತದ. ಕೇಳೋರು ಬೇಕಾಗಿರ್ತಾರ.” ರೋಗಿ ಆಡಿದ್ದನ್ನು ವೈದ್ಯರಿಗೂ ಮನೆಯವರಿಗೂ ತಿಳಿಸಬೇಕು. ಹೇಳುವ, ಹೇಳದಿರುವ ಭಾರವನ್ನು ಒಬ್ಬ ಎಳೆಯ ದಾದಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಮರಣದ ನಂತರ ಅವರು ತಪ್ಪದೆ ಪಾಲಿಸುವ ಕ್ರಮವೊಂದಿದೆ. ಮುಖ ಒರೆಸಿ, ಕೂದಲು ಸರಿಮಾಡಿ, ಮೆಲ್ಲಗೆ ಹೆಸರು ಹಿಡಿದು ವಿದಾಯ ಹೇಳುತ್ತಾರೆ. ಕೈ ತೊಳೆದು ಎರಡು ನಿಮಿಷ ನಿಲ್ಲುತ್ತಾರೆ. ಆಮೇಲೆಯೇ ಮುಂದಿನ ಹಾಸಿಗೆ. ಡ್ಯೂಟಿ ಮುಗಿದ ಮೇಲೆ ಜೊತೆಯ ಒಬ್ಬರಿಗಾದರೂ ಅದನ್ನು ಹೇಳಿಕೊಳ್ಳದೆ ಮನೆಗೆ ಹೋಗುವುದಿಲ್ಲ. ಅವರ ಮೊದಲ ರೋಗಿ ಸತ್ತಾಗ ಹಿರಿಯ ನರ್ಸ್ ಒಬ್ಬರು ಚಹಾ ಕುಡಿಸಿ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದರಂತೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ರೋಗಿಯ ಮೇಲೆಯೇ ಸಿಟ್ಟು ಬರತೊಡಗಿದರೆ, ಮನಸ್ಸು ಮರಗಟ್ಟಿದಂತಾದರೆ ಮೇಲಿನವರಿಗೆ ಹೇಳಿ ವಾರ್ಡ್ ಬದಲಿಸಿಕೊಳ್ಳಬೇಕು, ಮನೋವೈದ್ಯರ ಸಲಹೆ ಪಡೆಯಬೇಕು. ಇದು ನಾಚಿಕೆಯ ಮಾತಲ್ಲ.

ಜಗತ್ತು ಕಲಿತದ್ದು

ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿದ್ದವರು. ನಂತರ ವೈದ್ಯೆಯಾಗಿ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಆರಂಭಿಸಿದರು. ಸಾಯುವವರ ನೋವು ಮೈಗಷ್ಟೇ ಸೀಮಿತವಲ್ಲ, ಮನಸ್ಸು, ಸಂಸಾರ, ಆತ್ಮ ಎಲ್ಲವೂ ಅದರಲ್ಲಿ ಸೇರಿದೆ ಎಂದು ಅವರು ತೋರಿಸಿಕೊಟ್ಟರು. ನೋವು ಮರುಕಳಿಸುವವರೆಗೆ ಕಾಯದೆ ಗಂಟೆಗೆ ಸರಿಯಾಗಿ ಮಾರ್ಫಿನ್ ಕೊಡುವ ಪದ್ಧತಿಯನ್ನೂ ಬಳಕೆಗೆ ತಂದರು. ನಮ್ಮ ದೇಶದಲ್ಲಿ ಮಾದಕವಸ್ತು ಕಾನೂನಿನ ಬಿಗಿಯಿಂದಾಗಿ ಈ ಔಷಧಿ ಸಿಗುವುದೇ ಕಷ್ಟವಾಗಿತ್ತು. 2014ರ ತಿದ್ದುಪಡಿ ಅದನ್ನು ಸ್ವಲ್ಪ ಸಡಿಲಿಸಿತು. ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಟ್ರಸ್ಟ್ ನಡೆಸುವ ‘ಕರುಣಾಶ್ರಯ’ವು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತಿದೆ.

ನಮ್ಮ ನಾಡಿನ ಮಗಳೊಬ್ಬಳ ಕಥೆಯನ್ನೂ ನೆನೆಯಬೇಕು. ಹೊನ್ನಾವರ ಬಳಿಯ ಹಳದೀಪುರದ ಅರುಣಾ ಶಾನಭಾಗ್ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ನಡೆದ ಕ್ರೂರ ಹಲ್ಲೆಯಿಂದ ಅವರ ಮೆದುಳಿಗೆ ಪೆಟ್ಟಾಯಿತು. 2015ರ ಮೇ 18ರಂದು 66ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ, 41 ವರ್ಷಗಳಿಗೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ದಾದಿಯರು ಅವರನ್ನು ನೋಡಿಕೊಂಡರು. ಅವರಿಗೆ ದಯಾಮರಣ ಕೋರಿದ ಅರ್ಜಿಯನ್ನು ಆ ದಾದಿಯರೇ ವಿರೋಧಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅರ್ಜಿ ತಿರಸ್ಕರಿಸಿ ಅವರ ಸೇವೆಯನ್ನು ಮೆಚ್ಚಿತು. ಅರುಣಾರೊಂದಿಗೆ ದುಡಿದವರು ನಿವೃತ್ತರಾದರು, ಆಕೆಯನ್ನು ಎಂದೂ ನಡೆದಾಡಿ ಕಂಡಿರದ ಹುಡುಗಿಯರು ಆ ಕೆಲಸ ಮುಂದುವರಿಸಿದರು. ಭಾರವನ್ನು ಒಬ್ಬರೇ ಹೊರಲಿಲ್ಲ, ಹಂಚಿಕೊಂಡರು.

ನಮ್ಮ ಇತಿಹಾಸದಲ್ಲಿಯೂ ರುಫೈದಾ ಅಸ್ಲಮಿಯ್ಯಾ(ರ) ಇದ್ದಾರೆ. ಹಿಜರಿ 5ರ ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಮದೀನಾದಲ್ಲಿ ಅವರ ಗುಡಾರಕ್ಕೇ ಕರೆತರಲಾಯಿತು. ಪ್ರವಾದಿ(ಸ)ರು ಬಂದು ಕ್ಷೇಮ ವಿಚಾರಿಸುತ್ತಿದ್ದರು. ಸಅದ್(ರ) ಆ ಗಾಯದಿಂದಲೇ ತೀರಿಕೊಂಡರು. ಆದರೂ ರುಫೈದಾರ ಸೇವೆಯನ್ನು ಯಾರೂ ವ್ಯರ್ಥವೆನ್ನಲಿಲ್ಲ. ರೋಗಿ ಉಳಿಯದಿದ್ದರೆ ದಾದಿ ಸೋತಳು ಎಂದು ನಾವೇಕೆ ಭಾವಿಸಬೇಕು?

ಮನೆಯವರಾದ ನಾವು

ದಾದಿಯರ ಕೆಲಸವನ್ನು ನಾವು ಹಗುರ ಮಾಡಬಹುದು, ಇಮ್ಮಡಿ ಕಷ್ಟಗೊಳಿಸಲೂಬಹುದು. ಕೊನೆಯ ದಿನಗಳಲ್ಲಿ ಹಸಿವು ತಾನಾಗಿಯೇ ಕಡಿಮೆಯಾಗುತ್ತದೆ. ನುಂಗಲಾಗದವರ ಬಾಯಿಗೆ ಗಂಜಿ, ನೀರು ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಝಮ್‌ಝಮ್ ಆದರೂ ಹತ್ತಿಯಲ್ಲಿ ಅದ್ದಿ ತುಟಿ ಒದ್ದೆ ಮಾಡಿದರೆ ಸಾಕು. ಕೈಕಾಲು ತಣ್ಣಗಾಗುವುದು, ಉಸಿರು ನಿಂತು ನಿಂತು ಬರುವುದು, ಗಂಟಲಲ್ಲಿ ಗೊರಗೊರ ಸದ್ದು ಸಾಮಾನ್ಯ. ಇವನ್ನು ಕಂಡು ಸಿಸ್ಟರ್ ಮೇಲೆ ಕೂಗಾಡಬೇಡಿ. ಮಾತು ನಿಂತ ಮೇಲೂ ಕಿವಿ ಕೇಳುತ್ತಿರಬಹುದು. ಆದುದರಿಂದ ಹಾಸಿಗೆಯ ಬಳಿ ಆಸ್ತಿಯ ಮಾತು, ಜಗಳ ಬೇಡ.

ಕಲಿಮಾ ಹೇಳುವಂತೆ ರೋಗಿಯನ್ನು ಒತ್ತಾಯಿಸುವವರಿದ್ದಾರೆ. ಪಕ್ಕದಲ್ಲಿ ಮೆಲ್ಲಗೆ ನಾವೇ ಹೇಳುತ್ತಿರಬೇಕು, ಪೀಡಿಸಬಾರದು ಎಂದೇ ವಿದ್ವಾಂಸರು ಕಲಿಸಿದ್ದಾರೆ. ಕಿಬ್ಲಾದ ಕಡೆಗೆ ತಿರುಗಿಸುವುದು ಮುಂತಾದ ನಮ್ಮ ಕ್ರಮಗಳನ್ನು ಬೇರೆ ಧರ್ಮದ ದಾದಿಯರಿಗೆ ಮೊದಲೇ ತಿಳಿಸಿದರೆ ಅವರು ಪ್ರೀತಿಯಿಂದ ನೆರವಾಗುತ್ತಾರೆ. ನಮ್ಮ ಖಾಲಾಗೆ ಆ ಸಿಸ್ಟರ್ ಮಾಡಿದ್ದೂ ಅದನ್ನೇ.

ಆ ಹುಡುಗಿಯ ಅಮ್ಮಿಯೊಂದಿಗೆ ನಾನು ಎರಡು ಸಂಜೆ ಮಾತಾಡಿದೆ. “ನಿಮ್ಮ ಮಗಳು ಅತ್ತದ್ದು ಅವಳು ಆ ಕೆಲಸಕ್ಕೆ ತಕ್ಕವಳಲ್ಲ ಎಂಬುದರ ಗುರುತಲ್ಲ” ಎಂದೆ. ಸೋಮವಾರದ ರೈಲಿಗೆ ಅಮ್ಮಿಯೇ ಬುತ್ತಿ ಕಟ್ಟಿಕೊಟ್ಟರು.

ತಿಂಗಳ ಬಳಿಕ ಅವಳ ಫೋನ್ ಬಂತು. ಮುದುಕರೊಬ್ಬರು ಅದೇ ಪ್ರಶ್ನೆ ಕೇಳಿದ್ದರಂತೆ. ಈ ಸಲ ಇವಳು ತಿರುಗಿ ಕೇಳಿದಳಂತೆ. “ನಂದು ಮುಗೀತು ತಂಗೀ, ತಮ್ಮನ್ನ ಒಂದು ಸಲ ನೋಡಬೇಕು” ಎಂದರಂತೆ. ವೈದ್ಯರಿಗೆ ಹೇಳಿದಳು, ಮನೆಯವರಿಗೂ ಹೇಳಿದಳು. ವರ್ಷಗಳಿಂದ ಮಾತು ಬಿಟ್ಟಿದ್ದ ತಮ್ಮ ಬಂದು ರಾತ್ರಿಯೆಲ್ಲ ಪಕ್ಕದಲ್ಲಿ ಕುಳಿತರು. ಮರುದಿನ ಅಣ್ಣ ಹೋದರು.

“ಅವತ್ತೂ ಅತ್ತೆ ಆಪಾ” ಎಂದಳು. “ಆದ್ರ ಅತ್ತು, ಊಟ ಮಾಡಿದೆ.”

ಅಲ್ಲಾಹನು ಅಂಥ ಕೈಗಳಿಗೆ ಬಲ ನೀಡಲಿ. ಮುಂದಿನ ಸಲ ನೀವು ವಾರ್ಡಿನಲ್ಲಿದ್ದಾಗ “ಸಿಸ್ಟರ್, ನಿಮ್ಮದು ಊಟ ಆಯ್ತೇ?” ಎಂದು ಒಮ್ಮೆ ಕೇಳಿ ನೋಡಿ.