ಜಯಮಂಗಲಿಯ ಮರಳು, ಕಡಲ ತಳದ ಕುಸಿತ

ಮಧುಗಿರಿಯ ಹೈಸ್ಕೂಲಿನ ಹುಡುಗಿಯೊಬ್ಬಳು ಹೀಗೊಂದು ಪ್ರಶ್ನೆ ಬರೆದು ಕಳಿಸಿದ್ದಾಳೆ: "ಅಂಕೋಲದ ಶಿರೂರಿನಲ್ಲಿ, ವಯನಾಡಿನಲ್ಲಿ ಗುಡ್ಡ ಕುಸಿದಿದ್ದು ಮಳೆ ಜಾಸ್ತಿಯಾಗಿ. ಸಮುದ್ರದ ತಳದಲ್ಲೂ ಗುಡ್ಡ ಕುಸಿಯುತ್ತದೆ ಅಂತ ಓದಿದೆ. ಅಲ್ಲಿ ಯಾವಾಗಲೂ ನೀರೇ ಅಲ್ವಾ? ಹೊಸದಾಗಿ ನೆನೆಯೋದಕ್ಕೆ ಏನಿದೆ? ಮತ್ತೆ ಯಾಕೆ ಕುಸಿಯುತ್ತೆ?"

ಎಷ್ಟು ಒಳ್ಳೆಯ ಪ್ರಶ್ನೆ! ಭೂವಿಜ್ಞಾನಿಗಳು ನೂರು ವರ್ಷದಿಂದ ತಲೆ ಕೆಡಿಸಿಕೊಂಡಿರುವುದು ಇದಕ್ಕೇ. ಉತ್ತರದ ಮೊದಲ ತುಂಡು ಅವಳ ಊರಿನ ಹೊಳೆಯಲ್ಲೇ ಬಿದ್ದಿದೆ.

ಜಯಮಂಗಲಿ ಹುಟ್ಟುವುದು ದೇವರಾಯನದುರ್ಗದಲ್ಲಿ. ಕೊರಟಗೆರೆ, ಮಧುಗಿರಿ ತಾಲ್ಲೂಕು ಹಾದು ಹಿಂದೂಪುರದ ಕಡೆ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ನಂದಿಬೆಟ್ಟದಿಂದ ಹೊರಟ ಪಿನಾಕಿನಿ ಪಾವಗಡದ ನಾಗಲಮಡಿಕೆ ಮುಟ್ಟಿ, ಅನಂತಪುರ, ಗಂಡಿಕೋಟೆಯ ಕಂದರ, ನೆಲ್ಲೂರು ದಾಟಿ, ಒಟ್ಟು 597 ಕಿ.ಮೀ. ಹರಿದು ಬಂಗಾಳಕೊಲ್ಲಿಗೆ ಬೀಳುತ್ತದೆ. ಶಿರಾ ಕಡೆಯ ನೀರಿನ ದಾರಿ ಬೇರೆ. ಸುವರ್ಣಮುಖಿಯಿಂದ ವೇದಾವತಿ, ಅಲ್ಲಿಂದ ತುಂಗಭದ್ರಾ, ಆಮೇಲೆ ಕೃಷ್ಣಾ. ಕೊನೆಗೆ ಸೇರುವುದು ಅದೇ ಕೊಲ್ಲಿಯನ್ನು. ಈ ಹೊಳೆಗಳು ತುಂಬಿ ಹರಿಯುವುದು ವರ್ಷದಲ್ಲಿ ಕೆಲವೇ ದಿನ, ಕೆಲವು ವರ್ಷ ಅದೂ ಇಲ್ಲ. ಆದರೆ ಹರಿದಾಗ ಒಯ್ಯುವುದು ನೀರನ್ನಷ್ಟೇ ಅಲ್ಲ.

ಬೇಸಿಗೆಯಲ್ಲಿ ಹೊಳೆಯ ಮರಳನ್ನು ಒಂದು ಹಿಡಿ ಅಂಗೈಗೆ ಹಾಕಿಕೊಂಡು ಬಿಸಿಲಿಗೆ ಹಿಡಿಯಿರಿ. ಬೆಳಕು ಒಳಗೆ ಹಾಯುವ ಬಿಳಿ ಕಾಳು ಬೆಣಚುಕಲ್ಲಿನದು. ಮಾಸಲು ಗುಲಾಬಿ ಬಣ್ಣದ್ದು ಫೆಲ್ಡ್‌ಸ್ಪಾರ್. ಬೆರಳಿಗೆ ಅಂಟಿ ಮಿನುಗುವ ಚಕ್ಕೆ ಕಾಗೆಬಂಗಾರ. ಹಳೆಯ ಸ್ಪೀಕರಿನ ಅಯಸ್ಕಾಂತ ಆಡಿಸಿದರೆ ಮೀಸೆಯಂತೆ ಎದ್ದು ನಿಲ್ಲುವ ಕರಿಪುಡಿ ಮ್ಯಾಗ್ನೆಟೈಟ್. ಕಾಳುಗಳ ಮೂಲೆ ಇನ್ನೂ ಚೂಪಾಗಿದೆ, ಅಂದರೆ ಬೆಟ್ಟ ಬಿಟ್ಟು ಬಹಳ ದೂರ ಬಂದಿಲ್ಲ. ರಾಮನಗರದಿಂದ ಮಧುಗಿರಿ, ಪಾವಗಡದತ್ತ ಹಬ್ಬಿರುವ ಗ್ರಾನೈಟ್ ಪಟ್ಟಿಗೆ ರಾಮನಗರದ ಹಳೆಯ ಹೆಸರಿನ ಮೇಲೆ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಅದು ಬಿಸಿಲು ಮಳೆಗೆ ಸವೆದು ಉದುರಿಸಿದ ಪುಡಿ ಇದು. ಕಾಲ ಕಳೆದಂತೆ ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗುತ್ತಾ ಹೋಗುತ್ತದೆ. ಬೆಣಚುಕಲ್ಲು ಮಾತ್ರ ಗಟ್ಟಿ ಜೀವ, ಮೂಲೆ ಸವೆಸಿಕೊಂಡು ಮುಂದೆ ಸಾಗುತ್ತದೆ.

ಕಡಲಿಗೆ ಬಿದ್ದ ಮೇಲೆ ಏನಾಗುತ್ತದೆ? ತೀರದಿಂದಾಚೆ ತಳ ಮೊದಲು ಮೆಲ್ಲಗೆ ಇಳಿಯುತ್ತದೆ. ಶಾಲೆಯ ಭೂಗೋಳದಲ್ಲಿ ಖಂಡಾವರಣ ಪ್ರದೇಶ ಎಂದು ಓದುವುದು ಇದನ್ನೇ. ನೂರು, ನೂರೈವತ್ತು ಮೀಟರ್ ಆಳದ ಸುಮಾರಿಗೆ ಅದರ ಅಂಚು ಬರುತ್ತದೆ. ಅಲ್ಲಿಂದ ಮುಂದೆ ಎರಡು ಮೂರು ಸಾವಿರ ಮೀಟರ್ ಆಳದವರೆಗೆ ಇಳಿಜಾರು. ಇಳಿಜಾರು ಎಂದ ಕೂಡಲೇ ಮಧುಗಿರಿ ಬೆಟ್ಟವನ್ನು ನೆನೆಸಿಕೊಳ್ಳಬೇಡಿ. ಸರಾಸರಿ ನಾಲ್ಕು ಡಿಗ್ರಿ ಅಷ್ಟೇ, ನೂರು ಮೀಟರ್ ನಡೆದರೆ ಏಳು ಮೀಟರ್ ಇಳಿತ. ಇಷ್ಟು ಸಪಾಟಾದ ಜಾಗದಲ್ಲಿ ನೆಲ ಜಾರುವುದುಂಟೇ? ಜಾರುತ್ತದೆ. ನಾರ್ವೆಯ ಬಳಿ ಒಂದೆರಡು ಡಿಗ್ರಿ ಇಳಿಜಾರಿನಲ್ಲೇ ಸುಮಾರು 8,150 ವರ್ಷದ ಹಿಂದೆ ಮೂರು ಸಾವಿರ ಘನ ಕಿ.ಮೀ.ಗಳಷ್ಟು ಮಣ್ಣು ಜಾರಿ ಹೋಯಿತು. ಅದೆಬ್ಬಿಸಿದ ಅಲೆ ತಂದು ಹಾಕಿದ ಮರಳು ಸ್ಕಾಟ್ಲೆಂಡಿನ ಕರಾವಳಿಯಲ್ಲಿ ಈಗಲೂ ಸಿಗುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕೆರೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕಳ್ಳಂಬೆಳ್ಳದ ಕೆರೆಯಾಗಲಿ, ಮಾವತ್ತೂರಿನದಾಗಲಿ, ಹಳ್ಳ ಬಂದು ಸೇರುವ ಮೇಲ್ದಂಡೆಯಲ್ಲಿ ದಪ್ಪ ಮರಳು ಉಳಿಯುತ್ತದೆ. ಸಣ್ಣ ಮರಳು ಸ್ವಲ್ಪ ಮುಂದೆ. ನುಣ್ಣನೆಯ ಗೋಡು ಏರಿಯ ಹತ್ತಿರ, ತೂಬಿನ ಬಾಯಲ್ಲಿ. ನೀರು ನಿಧಾನವಾದಷ್ಟೂ ಭಾರದ ಕಾಳು ಮೊದಲು ಇಳಿಯುತ್ತದೆ, ಹಗುರದ್ದು ಕೊನೆಗೆ. ಕಡಲಂಚಿನಲ್ಲೂ ಇದೇ ಕ್ರಮ. ಕೆರೆಯ ಹೂಳು ಹೊಡೆದವರಿಗೆ ಇನ್ನೊಂದು ಸಂಗತಿಯೂ ಗೊತ್ತು. ಏಪ್ರಿಲ್‌ನಲ್ಲಿ ಕೆರೆಯಂಗಳ ಒಣಗಿ ಬಿರುಕು ಬಿಟ್ಟಿರುತ್ತದೆ. ಧೈರ್ಯವಾಗಿ ನುಗ್ಗಿದ ಎಮ್ಮೆ ಏರಿಯ ಬಳಿ ಹೊಟ್ಟೆಮಟ್ಟ ಹೂತುಹೋಗುತ್ತದೆ. ಮೇಲೆ ಗಟ್ಟಿ, ಎರಡು ಅಡಿ ಕೆಳಗೆ ಇನ್ನೂ ರಾಡಿ. ತಿಂಗಳುಗಟ್ಟಲೆ ಬಿಸಿಲು ಬಿದ್ದರೂ ಒಳಗಿನ ನೀರು ಹೊರಗೆ ಬಂದಿಲ್ಲ. ಗೋಡು ಅಷ್ಟು ನುಣುಪು, ಅದರ ಸಂದಿ ಅಷ್ಟು ಕಿರಿದು.

ಹುಡುಗಿಯ ಪ್ರಶ್ನೆಗೆ ಉತ್ತರ ಈ ರಾಡಿಯಲ್ಲಿದೆ. ಮಣ್ಣು ನಿಂತಲ್ಲೇ ನಿಲ್ಲುವುದು ಕಾಳಿಗೆ ಕಾಳು ಒತ್ತಿ ಹಿಡಿದಿರುವ ಘರ್ಷಣೆಯಿಂದ. ಮೇಲಿನ ಭಾರವನ್ನು ಕಾಳುಗಳು ಹೊತ್ತಿದ್ದರೆ ಹಿಡಿತ ಗಟ್ಟಿ. ಅವುಗಳ ನಡುವೆ ಸಿಕ್ಕಿಬಿದ್ದ ನೀರೇ ಭಾರ ಹೊತ್ತುಕೊಂಡರೆ ಹಿಡಿತ ಸಡಿಲ. ಈ ಲೆಕ್ಕವನ್ನು ಸ್ಪಷ್ಟ ಮಾಡಿದವನು 1920ರ ದಶಕದಲ್ಲಿ ಆಸ್ಟ್ರಿಯಾದ ಇಂಜಿನಿಯರ್ ಕಾರ್ಲ್ ಟೆರ್ಜಾಗಿ. ಹಾಗಾಗಿ ಮಣ್ಣು ನೆನೆದಿದೆಯೇ ಎನ್ನುವುದಕ್ಕಿಂತ ಒಳಗಿನ ನೀರಿನ ಒತ್ತಡ ಎಷ್ಟು ಎನ್ನುವುದು ಮುಖ್ಯ. ಶಿರೂರಿನಲ್ಲಿ ಮಳೆ ಮಾಡಿದ್ದೂ ಆ ಒತ್ತಡವನ್ನು ಏರಿಸುವ ಕೆಲಸವನ್ನೇ. ಕಡಲಲ್ಲಿ ಮಳೆಯ ಬದಲು ಬೇರೆ ಕಾರಣಗಳಿವೆ. ನದಿ ತಂದ ಮಣ್ಣು ನೀರು ಸೋರಿ ಹೋಗುವುದಕ್ಕೂ ಪುರುಸೊತ್ತು ಕೊಡದೆ ಪದರದ ಮೇಲೆ ಪದರ ಬೀಳಬಹುದು. ಕೊಳೆತ ಜೀವರಾಶಿಯಿಂದ ಹುಟ್ಟಿದ ಮೀಥೇನ್ ಅನಿಲ ಕೆಳಗಿನಿಂದ ಒತ್ತಬಹುದು. ಇಂಥ ಸ್ಥಿತಿಯಲ್ಲಿ ಒಂದು ಭೂಕಂಪ ಅಲುಗಿಸಿದರೆ ಮುಗಿಯಿತು.

ಇದೆಲ್ಲ ಪತ್ತೆಯಾದ ಕಥೆ ನನಗೆ ಬಹಳ ಇಷ್ಟ. 1929ರ ನವೆಂಬರ್ 18ರ ಸಂಜೆ ಕೆನಡಾದ ಪೂರ್ವಕ್ಕೆ, ಗ್ರ್ಯಾಂಡ್ ಬ್ಯಾಂಕ್ಸ್ ಎಂಬಲ್ಲಿ 7.2 ಪ್ರಮಾಣದ ಭೂಕಂಪ ಆಯಿತು. ಸುನಾಮಿ ಎದ್ದು ನ್ಯೂಫೌಂಡ್‌ಲ್ಯಾಂಡಿನಲ್ಲಿ 28 ಜನ ಸತ್ತರು. ಅಲ್ಲಿ ಕಡಲ ತಳದಲ್ಲಿ ಯುರೋಪಿಗೆ ಹೋಗುವ ಟೆಲಿಗ್ರಾಫ್ ಕೇಬಲ್‌ಗಳಿದ್ದವು. ಕಂಪನದ ಜಾಗದ ಹತ್ತಿರದವು ಆಗಲೇ ತುಂಡಾದವು. ಅದರಲ್ಲೇನೂ ಆಶ್ಚರ್ಯವಿಲ್ಲ. ಆದರೆ ಇಳಿಜಾರಿನ ಕೆಳಗೆ, ಇನ್ನಷ್ಟು ಆಳದಲ್ಲಿದ್ದವು ಒಂದಾದ ಮೇಲೊಂದು ತುಂಡಾಗುತ್ತಾ ಹೋದವು. ಕೊನೆಯದು ತುಂಡಾದದ್ದು ಹದಿಮೂರು ಗಂಟೆಯ ನಂತರ, ನೂರಾರು ಕಿ.ಮೀ. ದೂರದಲ್ಲಿ. ಭೂಕಂಪ ಅಷ್ಟು ಹೊತ್ತು ಇರುವುದಿಲ್ಲವಲ್ಲ!

ಕೇಬಲ್ ತುಂಡಾದ ಹೊತ್ತು ಟೆಲಿಗ್ರಾಫ್ ಕಂಪನಿಗಳ ದಾಖಲೆಯಲ್ಲಿ ನಿಮಿಷದ ಲೆಕ್ಕದಲ್ಲಿ ಇತ್ತು. ಎರಡು ದಶಕಕ್ಕೂ ಹೆಚ್ಚು ಕಾಲ ಅದು ಒಗಟಾಗಿಯೇ ಉಳಿಯಿತು. ಈ ನಡುವೆ 1936ರಲ್ಲಿ ರೆಜಿನಾಲ್ಡ್ ಡೇಲಿ, ಕೆಸರು ಬೆರೆತ ಭಾರದ ನೀರು ಕಡಲ ತಳದಲ್ಲಿ ಹೊಳೆಯಂತೆ ಹರಿದು ಕಂದರಗಳನ್ನೇ ಕೊರೆದಿರಬಹುದು ಎಂದು ಊಹಿಸಿದ. ನೆದರ್ಲೆಂಡ್ಸಿನ ಫಿಲಿಪ್ ಕ್ಯೂನೆನ್ ತೊಟ್ಟಿಯಲ್ಲಿ ಕೆಸರು ನೀರು ಹರಿಸಿ ಅದು ಸಾಧ್ಯವೆಂದು ತೋರಿಸಿದ. 1952ರಲ್ಲಿ ಬ್ರೂಸ್ ಹೀಜನ್ ಮತ್ತು ಮಾರಿಸ್ ಯೂಯಿಂಗ್ ಆ ಹಳೆಯ ದಾಖಲೆ ತೆಗೆದು ದೂರವನ್ನು ಹೊತ್ತಿನಿಂದ ಭಾಗಿಸಿದರು. ಅವರ ಮೊದಲ ಲೆಕ್ಕಕ್ಕೆ ಸಿಕ್ಕಿದ್ದು ಗಂಟೆಗೆ ನೂರು ಕಿ.ಮೀ. ವೇಗ. ನಂತರದವರು ಅದನ್ನು ಎಪ್ಪತ್ತರ ಆಸುಪಾಸಿಗೆ ಇಳಿಸಿದ್ದಾರೆ. ಜಾರಿದ ಮಣ್ಣು ನೀರಿನೊಂದಿಗೆ ಕಲಸಿ, ತಳಕ್ಕೆ ಅಂಟಿಕೊಂಡು ಓಡುವ ಪ್ರವಾಹವಾಗಿ ಕೇಬಲ್‌ಗಳನ್ನು ಕಡಿಯುತ್ತಾ ಹೋಗಿತ್ತು. ಮೂರನೇ ತರಗತಿಯ ವೇಗದ ಲೆಕ್ಕದಿಂದ ಇಷ್ಟು ದೊಡ್ಡ ಸತ್ಯ ಹೊರಬಿತ್ತು ಎನ್ನುವುದೇ ನನ್ನನ್ನು ಇಂದಿಗೂ ಪುಳಕಗೊಳಿಸುತ್ತದೆ. ನಮ್ಮ ಇಂಟರ್‌ನೆಟ್ ಕೂಡ ಇಂಥದೇ ಕೇಬಲ್‌ಗಳಲ್ಲಿ ಮುಂಬೈಗೆ, ಚೆನ್ನೈಗೆ ಬರುತ್ತದೆ. 2006ರ ಡಿಸೆಂಬರ್ 26ರಂದು ತೈವಾನಿನ ದಕ್ಷಿಣದಲ್ಲಿ ಭೂಕಂಪವಾದಾಗ ಹೀಗೆಯೇ ಹಲವು ಕೇಬಲ್ ತುಂಡಾಗಿ ಪೂರ್ವ ಏಷ್ಯಾದ ಸಂಪರ್ಕ ಕುಂಟಿತು.

ಭಾರತದ ಅಂಚಿನಲ್ಲೂ ಇಂಥದ್ದು ಆಗಿದೆಯೇ? ಆಗಿದೆ, ಊಹೆಗೂ ನಿಲುಕದಷ್ಟು ದೊಡ್ಡದು. ಅರಬ್ಬೀ ಸಮುದ್ರದಲ್ಲಿ, ಪಶ್ಚಿಮ ಕರಾವಳಿಯಾಚೆ, ನಟರಾಜ ಕುಸಿತ ಎಂದು ಹೆಸರಿಟ್ಟಿರುವ ರಾಶಿಯನ್ನು ಜೆರೋಮ್ ಕಾಲ್ವೆಸ್ ಮತ್ತು ಸಂಗಡಿಗರು 2015ರಲ್ಲಿ ವರದಿ ಮಾಡಿದರು. ಗಾತ್ರ ಸುಮಾರು 19,000 ಘನ ಕಿ.ಮೀ. ಶಿರಾದವರಿಗೆ ಹತ್ತಿರದ ಮಾರಿಕಣಿವೆಯ ವಾಣಿ ವಿಲಾಸ ಸಾಗರದಲ್ಲಿ ಹಿಡಿಯುವುದು 30 ಟಿಎಂಸಿ. ಅಂಥ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜಲಾಶಯ ತುಂಬುವಷ್ಟು ಮಣ್ಣು ಕಲ್ಲು ಅದು. ಅದೇ ವರ್ಷ ಧನಂಜಯ್ ಪಾಂಡೆ ಮತ್ತು ಪೀಟರ್ ಕ್ಲಿಫ್ಟ್ ಮುಂದಾಳತ್ವದಲ್ಲಿ ಜಾಯ್ಡೀಸ್ ರೆಸಲ್ಯೂಷನ್ ಎಂಬ ಹಡಗು ಅಲ್ಲಿ ತಳ ಕೊರೆದು ಮಾದರಿ ತೆಗೆಯಿತು. ಕುಸಿತ ನಡೆದು ಒಂದು ಕೋಟಿ ವರ್ಷಕ್ಕೂ ಮೇಲಾಗಿದೆ ಎಂದು ಗೊತ್ತಾಯಿತು. ಇಷ್ಟು ಅಪರೂಪದ ಘಟನೆಯ ಹೆಸರಿನಲ್ಲಿ ನಾಳೆಯೇ ಕರಾವಳಿ ಮುಳುಗುತ್ತದೆ ಎಂದು ಜನರನ್ನು ಬೆದರಿಸುವುದು ತಪ್ಪು.

ಬಂಗಾಳಕೊಲ್ಲಿಯ ಕಡೆ, ಶಿರಾದ ಮಣ್ಣು ಸೇರುವ ಕೃಷ್ಣಾ-ಗೋದಾವರಿ ಮುಖದಾಚೆ, 2006ರಲ್ಲಿ ಅದೇ ಹಡಗು ಕೊರೆದಾಗ ಜೇಡಿಯ ಬಿರುಕುಗಳಲ್ಲಿ ನೀರಿನೊಂದಿಗೆ ಸೇರಿ ಮಂಜುಗಡ್ಡೆಯಂತೆ ಕೂತ ಮೀಥೇನ್ ಸಿಕ್ಕಿತು. ಆ ಪದರ ನೂರು ಮೀಟರಿಗಿಂತ ದಪ್ಪ. ನೂರಾರು ವರ್ಷಕ್ಕೆ ಸಾಲುವ ಇಂಧನ ಸಿಕ್ಕೇಬಿಟ್ಟಿತು ಎಂದು ಆಗಾಗ ಸುದ್ದಿಯಾಗುತ್ತದೆ. ನನಗೆ ನಂಬಿಕೆ ಇಲ್ಲ. ಜಗತ್ತಿನಲ್ಲಿ ಎಲ್ಲೂ ಇದನ್ನು ವ್ಯಾಪಾರದ ಮಟ್ಟದಲ್ಲಿ ತೆಗೆಯುತ್ತಿಲ್ಲ. ಅದು ಕರಗಿದರೆ ಅನಿಲ ಮತ್ತು ನೀರು ಎರಡೂ ಬಿಡುಗಡೆಯಾಗಿ ಮಣ್ಣಿನ ಒಳ ಒತ್ತಡ ಏರುತ್ತದೆ. ಅನಿಲದ ಚಲನೆಗೂ ತಳದ ಮಣ್ಣು ಜಾರುವುದಕ್ಕೂ ನಂಟಿರುವ ಗುರುತುಗಳನ್ನು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಅಲ್ಲಿಯೇ ಕಂಡಿದ್ದಾರೆ. ಅಂಥ ಜಾಗಕ್ಕೆ ಕೈ ಹಾಕುವ ಮುನ್ನ ನೂರು ಸಲ ಯೋಚಿಸಬೇಕು.

2006ರ ಆ ಯಾತ್ರೆಯ ಮಾದರಿಗಳಿಂದ ನನಗೆ ಅನಿಲಕ್ಕಿಂತ ಅಮೂಲ್ಯವಾಗಿ ಕಂಡದ್ದು ಬೇರೆ. ಗೋದಾವರಿ ಮುಖದಾಚೆ ತೆಗೆದ ಒಂದು ಕೊಳವೆ ಕೆಸರಿನಲ್ಲಿ ಎಲೆಗಳ ಮೇಣದ ಅಂಶ ಉಳಿದಿತ್ತು. ಅದನ್ನು ಓದಿದ ವಿಜ್ಞಾನಿಗಳು, ಸುಮಾರು 4,000 ವರ್ಷದಿಂದೀಚೆಗೆ ದಖ್ಖನ್ ಒಣಗುತ್ತಾ ಬಂದದ್ದನ್ನೂ, ನಂತರ ಬೇಸಾಯ ಹಬ್ಬಿದಂತೆ ಮಣ್ಣು ಕೊಚ್ಚಿಹೋಗುವುದು ಹೆಚ್ಚಿದ್ದನ್ನೂ ಗುರುತಿಸಿದ್ದಾರೆ. ನಮ್ಮ ಹೊಲಗಳ ಚರಿತ್ರೆ ಕಡಲ ತಳದಲ್ಲಿ ಪದರ ಪದರವಾಗಿ ದಾಖಲಾಗಿದೆ.

ಕಡಲ ತಳದ ಇಳಿಜಾರಿನಲ್ಲಿ ಇಂದು ಸಡಿಲವಾಗಿ ಕೂತಿರುವ ಮಣ್ಣಿನಲ್ಲಿ ದೊಡ್ಡ ಪಾಲು ಹಿಮಯುಗದ್ದು. ಇಪ್ಪತ್ತು ಸಾವಿರ ವರ್ಷದ ಹಿಂದೆ ಕಡಲ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಖಂಡಾವರಣ ಪ್ರದೇಶ ಬಯಲಾಗಿತ್ತು. ಪಿನಾಕಿನಿ, ಕೃಷ್ಣೆ ಅದನ್ನು ದಾಟಿ ಹರಿದು ಅಂಚಿನ ಬಾಯಲ್ಲೇ ಮಣ್ಣು ಸುರಿಯುತ್ತಿದ್ದವು. ಈಗ ಕಡಲು ಮೇಲೇರಿ ನದೀಮುಖ ಹಿಂದೆ ಸರಿದಿದೆ, ಬಂದ ಮಣ್ಣು ಹೆಚ್ಚಾಗಿ ತೀರದ ಬಳಿಯೇ ನಿಲ್ಲುತ್ತದೆ.

ಬರುವುದಾದರೂ ಎಷ್ಟು? ಆಂಧ್ರ ವಿಶ್ವವಿದ್ಯಾಲಯದ ಕೆ. ನಾಗೇಶ್ವರ ರಾವ್ ಮತ್ತು ಸಂಗಡಿಗರ ಲೆಕ್ಕದಂತೆ ಕೃಷ್ಣಾ ನದಿ 1960ರ ದಶಕದ ಕೊನೆಯಲ್ಲಿ ವರ್ಷಕ್ಕೆ ಸುಮಾರು 90 ಲಕ್ಷ ಟನ್ ಹೂಳು ಕಡಲಿಗೆ ಒಯ್ಯುತ್ತಿತ್ತು. 2000ದ ನಂತರದ ವರ್ಷಗಳಲ್ಲಿ ಅದು ನಾಲ್ಕು ಲಕ್ಷ ಟನ್ನಿಗೆ ಇಳಿಯಿತು. ಉಳಿದದ್ದು ಅಣೆಕಟ್ಟುಗಳ ಹಿಂದೆ ಕೂತಿದೆ. ಪಿನಾಕಿನಿಯ ದಾರಿಯಲ್ಲೂ ಪೇರೂರಿನಿಂದ ಸೋಮಶಿಲದವರೆಗೆ ಕಟ್ಟೆಗಳ ಸಾಲು ಇದೆ. ಜಯಮಂಗಲಿಯ ಮರಳಂತೂ ಕಟ್ಟೆ ತಲುಪುವ ಮೊದಲೇ ಲಾರಿ ಹತ್ತಿ ಬೆಂಗಳೂರಿನ ಗೋಡೆಗಳಲ್ಲಿ ಸೇರಿಹೋಯಿತು. ಮರಳು ಹೋದ ಹೊಳೆಯಲ್ಲಿ ನೀರು ಇಂಗುವುದಿಲ್ಲ, ಅಕ್ಕಪಕ್ಕದ ತೋಟದ ಬೋರ್‌ವೆಲ್‌ಗಳು ಆಳಕ್ಕಿಳಿಯುತ್ತವೆ. ಅತ್ತ ಕೃಷ್ಣಾ ಮುಖಜಭೂಮಿಯಲ್ಲಿ ಹೊಸ ಮಣ್ಣು ಬಾರದೆ ಅಲೆ ದಡವನ್ನು ತಿನ್ನುತ್ತಿದೆ, ಮ್ಯಾಂಗ್ರೋವ್ ಕಾಡು ಕಡಲ ಪಾಲಾಗುತ್ತಿದೆ.