ಬೆಳಕು ಬಂತು, ದ್ರವ್ಯ ಹೊರಟಿತೇ?



2024ರ ಮೇ 10, ಅಕ್ಷಯ ತದಿಗೆಯ ರಾತ್ರಿ, ನಮ್ಮಲ್ಲಿ ಹಲವರು ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಹಿತ್ತಲಿಗೆ ಓಡಿದ್ದು ನೆನಪಿರಬಹುದು. ಇಂಗ್ಲೆಂಡಿನ ದಕ್ಷಿಣದಲ್ಲೂ ಆಕಾಶ ಗುಲಾಬಿ, ಹಸಿರು! ಅದು ಸೂರ್ಯ ಒಂದೆರಡು ದಿನ ಮೊದಲು ಎಸೆದಿದ್ದ ದ್ರವ್ಯದ ಲೀಲೆ.

ಪತ್ರಿಕೆಗಳು ಎಲ್ಲವನ್ನೂ ‘ಸೌರಸ್ಫೋಟ’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಆದರೆ ಇಲ್ಲಿ ಎರಡು ಸಂಗತಿಗಳಿವೆ. ಒಂದು ಜ್ವಾಲೆ, ಅಂದರೆ ಥಟ್ಟನೆ ಮಿಂಚುವ ಬೆಳಕು. ಎಂಟು ನಿಮಿಷದಲ್ಲಿ ಇಲ್ಲಿರುತ್ತದೆ. ಇನ್ನೊಂದು ಕರೋನಲ್ ಮಾಸ್ ಇಜೆಕ್ಷನ್: ಕೋಟ್ಯಂತರ ಟನ್ ವಿದ್ಯುದಾವಿಷ್ಟ ಅನಿಲ ಸೂರ್ಯನಿಂದ ಕಳಚಿಕೊಂಡು ಹೊರಡುವುದು. 1859ರ ಸೆಪ್ಟೆಂಬರ್ 1ರಂದು ನಮ್ಮ ಸರ್ರೆಯ ರೆಡ್‌ಹಿಲ್ಲಿನಲ್ಲಿ ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದ ರಿಚರ್ಡ್ ಕ್ಯಾರಿಂಗ್ಟನ್ ಕಂಡದ್ದು ಬೆಳಕನ್ನು ಮಾತ್ರ. ದ್ರವ್ಯ ಭೂಮಿಗೆ ಬಡಿದು ಟೆಲಿಗ್ರಾಫ್ ತಂತಿಗಳು ಕೆಟ್ಟದ್ದು ಸುಮಾರು ಹದಿನೇಳೂವರೆ ಗಂಟೆಯ ನಂತರ.

ಈ ದ್ರವ್ಯ ಬಲು ಮಂಕು. ಸೂರ್ಯನ ಪ್ರಖರತೆಯಲ್ಲಿ ಕಾಣದು. ಹಾಗಾಗಿ ದೂರದರ್ಶಕದೊಳಗೆ ಒಂದು ಬಿಲ್ಲೆಯಿಟ್ಟು ಸೂರ್ಯಬಿಂಬವನ್ನು ಮರೆಮಾಡುತ್ತಾರೆ. ಕೃತಕ ಗ್ರಹಣವೆನ್ನಿ. 1995ರಲ್ಲಿ ಹಾರಿದ ಸೋಹೋ ನೌಕೆ ಹೀಗೆಯೇ ನೋಡುತ್ತದೆ. 2023ರಲ್ಲಿ ಹೊರಟ ನಮ್ಮ ಆದಿತ್ಯ ಎಲ್-1ರಲ್ಲೂ ಇಂಥ ಉಪಕರಣವಿದೆ. ಕಟ್ಟಿದವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು.

ಬೇರೆ ನಕ್ಷತ್ರಗಳಿಗೆ ಈ ಉಪಾಯ ನಡೆಯುವುದಿಲ್ಲ. ಅವು ಬರೀ ಚುಕ್ಕಿಗಳು. ಅವುಗಳ ಜ್ವಾಲೆ ಬೇಕಾದಷ್ಟು ಕಾಣುತ್ತದೆ, ಆದರೆ ದ್ರವ್ಯ ಹೊರಬಿತ್ತೇ, ಅಥವಾ ನಕ್ಷತ್ರದ ಕಾಂತಕ್ಷೇತ್ರವೇ ಮುಚ್ಚಳದಂತೆ ಅದನ್ನು ಅದುಮಿ ಹಿಡಿಯಿತೇ? ದಶಕಗಳ ಕಾಲ ಇದಕ್ಕೆ ಖಚಿತವಾದ ಉತ್ತರವಿರಲಿಲ್ಲ.

ಕಣ್ಣಿಗೆ ಸಿಗದ್ದು ಕೊನೆಗೆ ರೇಡಿಯೋಗೆ ಸಿಕ್ಕಿತು. ವೇಗವಾಗಿ ಹೊರಟ ದ್ರವ್ಯ ತನ್ನ ಮುಂದೆ ಆಘಾತದ ಅಲೆಯೊಂದನ್ನು ತಳ್ಳಿಕೊಂಡು ಹೋಗುತ್ತದೆ. ಅಲೆ ಹಾದಲ್ಲಿನ ಅನಿಲ ರೇಡಿಯೋ ತರಂಗ ಸೂಸುತ್ತದೆ. ಅನಿಲ ದಟ್ಟವಾಗಿದ್ದರೆ ಶ್ರುತಿ ಮೇಲೆ, ತೆಳುವಾಗಿದ್ದರೆ ಕೆಳಗೆ. ನಕ್ಷತ್ರದಿಂದ ದೂರ ಹೋದಂತೆ ಅನಿಲ ತೆಳುವಾಗುವುದರಿಂದ ಸ್ವರ ಇಳಿಯುತ್ತಾ ಬರುತ್ತದೆ, ಅವರೋಹಣದ ಹಾಗೆ. ದ್ರವ್ಯ ನಿಜವಾಗಿ ಹೊರಟಿದ್ದರಷ್ಟೇ ಈ ಅವರೋಹಣ.

ನೆದರ್ಲೆಂಡ್ಸಿನ ಲೋಫಾರ್ ರೇಡಿಯೋ ದೂರದರ್ಶಕ (ಇದರ ಒಂದು ಕೇಂದ್ರ ಹ್ಯಾಂಪ್‌ಷೈರಿನ ಚಿಲ್ಬೋಲ್ಟನ್ನಿನಲ್ಲೂ ಇದೆ) ಆಕಾಶದ ಸಮೀಕ್ಷೆಗೆಂದು ದಾಖಲಿಸಿಟ್ಟಿದ್ದ ಸಂಕೇತಗಳಲ್ಲಿ ಅಂಥದೊಂದು ಇಳಿಸ್ವರ ಪತ್ತೆಯಾಯಿತು. 2025ರ ನವೆಂಬರಿನಲ್ಲಿ ‘ನೇಚರ್’ ಪತ್ರಿಕೆ ಅದನ್ನು ಪ್ರಕಟಿಸಿತು. ಸುಮಾರು 130 ಜ್ಯೋತಿರ್ವರ್ಷ ದೂರದ ಕೆಂಪು ಕುಬ್ಜ ನಕ್ಷತ್ರವೊಂದು ದ್ರವ್ಯವನ್ನು ಸೆಕೆಂಡಿಗೆ ಸುಮಾರು 2,400 ಕಿಲೋಮೀಟರ್ ವೇಗದಲ್ಲಿ ಉಗುಳಿತ್ತು.

ಭೂಮಿಯಂಥ ಗ್ರಹಗಳನ್ನು ಇಂದು ಹೆಚ್ಚಾಗಿ ಹುಡುಕುತ್ತಿರುವುದು ಕೆಂಪು ಕುಬ್ಜಗಳ ಸುತ್ತಲೇ. ಅವು ಮಂದ ನಕ್ಷತ್ರಗಳಾದ್ದರಿಂದ, ನೀರು ನೀರಾಗಿ ಉಳಿಯಬೇಕಾದರೆ ಗ್ರಹವು ಒಲೆಯ ಪಕ್ಕದಲ್ಲೇ ಕೂತಂತೆ ತೀರ ಹತ್ತಿರವಿರಬೇಕು. ಅಷ್ಟು ಹತ್ತಿರದ ಗ್ರಹದ ವಾತಾವರಣವನ್ನೇ ಕಿತ್ತೊಯ್ಯುವಷ್ಟು ಬಲ ಆ ಉಗುಳಿಗಿತ್ತು.